ಮೊದಲ ಸೊಪ್ಪು ಹಾಕುವ ಕೈ

ನನ್ನ ಕೈಗುಣ ಒಳ್ಳೆಯದು ಎಂದು ನಮ್ಮೂರಿನಲ್ಲಿ ಒಂದು ಮಾತಿದೆ. ಅದು ಸುಳ್ಳು. ಮೂವತ್ತು ವರ್ಷ ಆ ಸುಳ್ಳನ್ನು ನಾನೇ ಉಂಡಿದ್ದೇನೆ, ಉಂಡ ಮೇಲೆ ಎಲೆ ಅಡಿಕೆಯನ್ನೂ ಹಾಕಿಕೊಂಡಿದ್ದೇನೆ. ಮೊದಲು ಅದನ್ನು ಬರೆದುಬಿಟ್ಟರೆ ಮುಂದಿನದು ಸಲೀಸು.

ನಮ್ಮೂರು ರಾಮನಗರಕ್ಕೂ ಮಾಗಡಿಗೂ ನಡುವೆ ಇದೆ. ಮನೆಮನೆಯಲ್ಲೂ ರೇಷ್ಮೆ ಹುಳ. ಮೊಟ್ಟೆ ಒಡೆದ ಮರಿಯನ್ನು ಮೊದಲು ನಾವೇ ಸಾಕುತ್ತಿದ್ದೆವು. ಈಗ ಚಾಕಿ ಸೆಂಟರಿನವರು ಎರಡು ಜ್ವರ ಕಳೆಯುವವರೆಗೆ ಸಾಕಿ, ಟ್ರೇಗಳಲ್ಲಿ ತುಂಬಿ ವ್ಯಾನಿನಲ್ಲಿ ತಂದುಕೊಡುತ್ತಾರೆ. ಚಾಕಿ ಎಂದರೆ ಆ ಮರಿಗಳೇ. ಹುಳ ಮೇವು ಬಿಟ್ಟು ಅಲ್ಲಾಡದೆ ಕೂತು ಪೊರೆ ಕಳಚುತ್ತದಲ್ಲ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ವ್ಯಾನು ಬಂದ ದಿನ ಆ ಮರಿಗಳನ್ನು ಹುಳದ ಮನೆಯ ಹಾಸಿಗೆಗೆ ಬಿಟ್ಟು ಅವುಗಳ ಮೇಲೆ ಮೊದಲ ಸಲ ಹಿಪ್ಪುನೇರಳೆ ಸೊಪ್ಪು ಹಾಕುವವರ ಕೈ ಒಳ್ಳೆಯದಿರಬೇಕು. ಕೈ ಒಳ್ಳೆಯದಾದರೆ ಬೆಳೆ, ಇಲ್ಲವಾದರೆ ತಿಪ್ಪೆ. ಊರು ನಂಬುವುದು ಹೀಗೆ.

ನನ್ನ ಕೈಗೆ ಹೆಸರು ಬಂದಿದ್ದು ಒಂದು ಬೇಸಿಗೆಯಲ್ಲಿ. ಆ ವರ್ಷ ಬೀದಿಯ ಹುಳವೆಲ್ಲ ಹಾಲು ರೋಗ ಬಂದು ಊದಿ ಒಡೆದು ಹೋದವು. ನಮ್ಮ ಮನೆಯದು ಉಳಿಯಿತು. ನಾನು ಸೊಪ್ಪು ಹಾಕಿಕೊಟ್ಟಿದ್ದ ಇನ್ನೆರಡು ಮನೆಯದೂ ಉಳಿಯಿತು. ನಮ್ಮ ಮನೆಗೆ ಹೊಂಗೆ ಮರದ ನೆರಳಿತ್ತು. ಆ ಎರಡು ಮನೆಗೆ ಇನ್ನೂ ಹುಲ್ಲಿನ ಮಾಡಿತ್ತು. ಮಿಕ್ಕವರೆಲ್ಲ ಹೊಸದಾಗಿ ಶೀಟು ಹೊದಿಸಿಕೊಂಡಿದ್ದರು. ಶೀಟಿನ ಕೆಳಗೆ ಮನುಷ್ಯನೇ ಬೇಯುತ್ತಾನೆ, ಹುಳ ಬದುಕುತ್ತದೆಯೇ? ಇದು ನನಗೆ ಆಗಲೇ ಗೊತ್ತಿತ್ತು. ಹೇಳಲಿಲ್ಲ. ಅತ್ತೆಯ ಕೈಕೆಳಗೆ ಇದ್ದವಳು ನಾನು. ಊರಿನವರು ಮನೆ ಬಾಗಿಲಿಗೆ ಬಂದು, ನಿನ್ನ ಕೈಯಿಂದ ಸೊಪ್ಪು ಹಾಕ್ಕೊಡವ್ವ ಎಂದಾಗ ಅತ್ತೆಯ ಮುಖ ನೋಡಬೇಕಿತ್ತು. ಬೇಡ ಎನ್ನಲು ನನಗೇನು ಹುಚ್ಚೇ?

ಆಮೇಲೆ ನಾನು ಸೊಪ್ಪು ಹಾಕಿದ ಮನೆಗಳಲ್ಲೂ ಎಷ್ಟೋ ಸಲ ಹುಳ ಸತ್ತವು. ಆಗ ಬಿಸಿಲು ಜಾಸ್ತಿಯಾಯಿತು ಎಂದರು. ಚಾಕಿಯೇ ಸರಿಯಿರಲಿಲ್ಲ ಎಂದರು. ಪಕ್ಕದ ಹೊಲದವನು ಟೊಮೊಟೊಗೆ ಔಷಧಿ ಹೊಡೆದ, ಗಾಳಿಗೆ ಸೊಪ್ಪಿಗೆ ಬಡಿಯಿತು ಎಂದರು. ನಿನ್ನ ಕೈ ಕೆಟ್ಟದ್ದು ಎಂದು ಒಬ್ಬರೂ ಅನ್ನಲಿಲ್ಲ. ಬೆಳೆ ಬಂದರೆ ನನ್ನ ಕೈ, ಹೋದರೆ ಬಿಸಿಲು.

ನಮ್ಮ ಮನೆಯಿಂದ ಮೂರನೇ ಮನೆಗೆ ಕನಕಪುರದ ಆಚೆಯಿಂದ ಒಂದು ಹುಡುಗಿ ಸೊಸೆಯಾಗಿ ಬಂದಳು. ಅವಳ ಅತ್ತೆ ನನಗೆ ವರಸೆಯಲ್ಲಿ ತಂಗಿ. ಹಾಗಾಗಿ ಹುಡುಗಿ ನನ್ನನ್ನು ದೊಡ್ಡತ್ತೆ ಎನ್ನುತ್ತಾಳೆ. ಗಂಡ ಬಿಡದಿಯ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸ, ಬೆಳಕು ಹರಿಯುವ ಮುಂಚೆ ಬಸ್ಸು ಹಿಡಿದರೆ ಕತ್ತಲಾದ ಮೇಲೆ ಬರುತ್ತಾನೆ. ಒಂದು ಮಗುವಾಯಿತು. ಮಗು ನಡೆಯಲು ಕಲಿತ ಮೇಲೆ ಇವಳು ಹಿತ್ತಲಿನ ಕೊಟ್ಟಿಗೆಗೆ ಸುಣ್ಣ ಬಳಿದು, ಟ್ರೇ ಜೋಡಿಸಿ, ಅತ್ತೆ ಗೊಣಗಿದರೂ ಕಿವಿಗೆ ಹಾಕಿಕೊಳ್ಳದೆ ಹುಳ ಇಟ್ಟಳು. ಚುರುಕು ಕೈ. ನಾನು ಒಂದು ಟ್ರೇಯ ಹುಳವನ್ನು ಕಸದಿಂದ ಬಿಡಿಸುವಷ್ಟರಲ್ಲಿ ಮೂರು ಬಿಡಿಸುತ್ತಿದ್ದಳು. ಹುಳದ ಮೇಲೆ ಕಣ್ಣು ಬೇರೆ ಇತ್ತು. ಸಪ್ಪೆ ಬಿದ್ದ ಹುಳವನ್ನು ಎಷ್ಟೋ ದೂರದಿಂದ ಕಂಡುಹಿಡಿಯುತ್ತಿದ್ದಳು.

ಹುಳದ ಕೆಲಸ ಒಬ್ಬರಿಂದ ಆಗುವುದಲ್ಲ. ಹುಳ ಹಣ್ಣಾದ ದಿನ ಮೈ ಜೇನಿನ ಬಣ್ಣ ತಿರುಗಿ, ತಲೆ ಎತ್ತಿ ಆಡಿಸಲು ಶುರುಮಾಡುತ್ತದೆ. ಅಂದೇ ಒಂದೊಂದನ್ನೂ ಆರಿಸಿ, ಚಂದ್ರಿಕೆ ಎನ್ನುವ ಬಿದಿರಿನ ಸುರುಳಿ ತಟ್ಟಿಗೆ ಬಿಡಬೇಕು. ತಡವಾದರೆ ಹುಳ ಕಾಯುವುದಿಲ್ಲ. ಕಸದೊಳಗೇ ಗೂಡು ಕಟ್ಟಿಬಿಡುತ್ತದೆ, ಆ ಗೂಡು ಮಾರ್ಕೆಟ್ಟಿನಲ್ಲಿ ಯಾರಿಗೂ ಬೇಡ. ಅದಕ್ಕೇ ಮುಯ್ಯಾಳು. ಇವತ್ತು ನಿನ್ನ ಮನೆಗೆ ನಾನು ಬರುತ್ತೇನೆ, ನಾಳೆ ನನ್ನ ಮನೆಗೆ ನೀನು ಬಾ. ಕೂಲಿಯಿಲ್ಲ, ಕಾಫಿಯಷ್ಟೇ. ಬೀದಿಯ ಹೆಂಗಸರೆಲ್ಲ ಒಟ್ಟಿಗೆ ಕೂತರೆ ಊಟದ ಹೊತ್ತಿಗೆ ಮುಗಿಯುತ್ತದೆ. ಮುಯ್ಯಾಳು ಬರದ ಮನೆಯಲ್ಲಿ ಹುಳ ಸಾಕುವುದು ಆಗದ ಮಾತು.

ಒಂದು ಮಳೆಗಾಲದಲ್ಲಿ ನನ್ನ ಮಂಡಿ ಊದಿತ್ತು. ಅದೇ ದಿನ ಮೂಲೆ ಮನೆಗೆ ಚಾಕಿ ಬಂತು. ಮೂಲೆ ಮನೆಯಾಕೆ ನಮ್ಮ ಬೀದಿಗೆ ದೊಡ್ಡ ಬೆಳೆಯವಳು, ಒಳ್ಳೆಯ ಹೆಂಗಸು, ಬಾಯಿ ಸ್ವಲ್ಪ ಜೋರು. ನನ್ನನ್ನು ಕರೆಯಲು ಬಂದಳು.

“ನನ್ ಕೈಲಿ ಏಳಾಕಾಗಲ್ಲ ಕಣೆ. ಆ ಹುಡುಗೀನ ಕರ್ಕೊಂಡೋಗು” ಎಂದೆ.

“ಅವಳಾ? ನಿನ್ ಕೈ ಇದ್ದಂಗಾದದಾ ಅಕ್ಕ?”

“ನನ್ ಕೈಗೇನು ಆರು ಬೆರಳವಾ? ಅವಳ್ದೂ ಐದೇ, ನನ್ದೂ ಐದೇ. ಹೋಗು.”

ಹುಡುಗಿ ಹೋಗಿ ಸೊಪ್ಪು ಹಾಕಿ ಬಂದಳು. ಅವಳನ್ನು ಕಳಿಸಿದವಳು ನಾನು.

ಆಮೇಲೆ ಮಳೆ ಹಿಡಿಯಿತು. ಬಿಡಲೇ ಇಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಮೂಲೆ ಮನೆಯ ಹುಳಗಳು ಮೈ ಊದಿ, ಹಾಸಿಗೆಯ ಅಂಚಿಗೆ ತೆವಳಿ, ಮುಟ್ಟಿದರೆ ಹಾಲಿನಂಥದ್ದು ಸೋರಲು ಶುರುವಾಯಿತು. ಪೂರ್ತಿ ಬೆಳೆ ಗುಂಡಿಗೆ ಹೋಯಿತು. ಮೇಲೆ ಸುಣ್ಣ ಸುರಿದರು. ನಾನು ಕುಂಟಿಕೊಂಡು ನೋಡಲು ಹೋದೆ. ಹುಳದ ಮನೆಯ ಮೂಲೆಯಲ್ಲಿ ಮಳೆಯಲ್ಲಿ ಕೊಯ್ದ ಒದ್ದೆ ಸೊಪ್ಪು ರಾಶಿ ಬಿದ್ದಿತ್ತು. ಅದರೊಳಗೆ ಕೈ ಹಾಕಿದೆ. ಬಿಸಿ ಅನ್ನದ ಪಾತ್ರೆಗೆ ಹಾಕಿದ ಹಾಗಿತ್ತು.

“ಸೊಪ್ಪು ಕುದ್ದೋಗೈತೆ ಕಣೆ. ಇದನ್ನ ತಿಂದ್ರೆ ಹುಳ ಉಳಿತದಾ?” ಎಂದೆ.

ಅವಳು ಅಳುತ್ತಲೇ ಉತ್ತರ ಕೊಟ್ಟಳು. “ಒದ್ದೆ ಸೊಪ್ಪು ಹೋದ್ ವರ್ಷನೂ ಹಾಕಿದ್ದೆ ಅಕ್ಕ. ಅದೇ ಮಳೆ, ಅದೇ ಚಾಕಿ, ಅದೇ ಮನೆ. ಎಲ್ಲಾ ಹಂಗೇ ಅವೆ. ಬದಲಾಗಿದ್ದು ಕೈ ಒಂದೇ.”

ಲೆಕ್ಕ ಸರಿಯಾಗಿಯೇ ಇತ್ತು. ಕೂಡಿದ್ದು ಮಾತ್ರ ತಪ್ಪು.

“ಪಾಪ, ಅವಳೇನ್ ಬೇಕಂತ ಮಾಡಿದ್ಲಾ? ಅವಳ್ ಕೈ ಹಂಗೈತೆ, ಏನ್ ಮಾಡಾಳು” ಎಂದು ಮೂಗು ಒರೆಸಿಕೊಂಡಳು.

ಆ ಪಾಪ ಎನ್ನುವ ಮಾತು ಬೀದಿ ಪೂರ್ತಿ ತಿರುಗಿತು. ಯಾರೂ ಹುಡುಗಿಯನ್ನು ಬೈಯಲಿಲ್ಲ. ಬೈದಿದ್ದರೆ ನಾನು ಎದುರು ಬೈಯುತ್ತಿದ್ದೆ, ಅದು ನನಗೆ ಬರುತ್ತದೆ. ಎಲ್ಲರೂ ಅಯ್ಯೋ ಪಾಪ ಎಂದರು. ಮಗುವಿಗೆ ಬಿಸ್ಕತ್ತು ಕೊಟ್ಟರು. ಅವಳ ಅತ್ತೆ ಆಸ್ಪತ್ರೆ ಸೇರಿದಾಗ ಮುದ್ದೆ ಸಾರು ಹೊತ್ತುಕೊಂಡು ಹೋಗಿ ಕೊಟ್ಟವಳು ಅದೇ ಮೂಲೆ ಮನೆಯಾಕೆ. ಆದರೆ ಹುಳದ ಮನೆಗೆ ಯಾರೂ ಕರೆಯಲಿಲ್ಲ. ಕರೆಯದೆ ಅವಳು ಮುಯ್ಯಾಳಿಗೆ ಹೋಗುವಂತಿಲ್ಲ. ಅವಳು ಹೋಗದಿದ್ದರೆ ಅವಳ ಮನೆಗೆ ಯಾರೂ ಬರಬೇಕಿಲ್ಲ. ಹೀಗೆ ಯಾರದೂ ತಪ್ಪಿಲ್ಲದೆ ಬಾಗಿಲು ಮುಚ್ಚಿತು.

ಅವಳ ಹುಳ ಹಣ್ಣಾದ ದಿನ ನಾನು ಹೋದೆ. ಅವಳು, ಅವಳ ಅತ್ತೆ, ನಾನು, ಮೂರೇ ಜನ. ಒಬ್ಬಳು ರೇಷನ್ನಿಗೆ ಹೆಬ್ಬೆಟ್ಟು ಕೊಡಬೇಕು ಎಂದು ಹೇಳಿಕಳಿಸಿದಳು. ಒಬ್ಬಳಿಗೆ ಸಂಘದ ಮೀಟಿಂಗು. ಒಬ್ಬಳಿಗೆ ಸಾವನದುರ್ಗದ ದೇವರಿಗೆ ಹರಕೆ ನೆನಪಾಯಿತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಟ್ರೇಗಳಲ್ಲಿ ಹುಳ ಕಸದೊಳಗೇ ನೂಲು ಬಿಡುತ್ತಿತ್ತು. ಹುಡುಗಿ ಕೈ ನಿಲ್ಲಿಸಲಿಲ್ಲ. ಕೊನೆಗೆ ಅವಳ ಅತ್ತೆ ಸೊಂಟ ಹಿಡಿದುಕೊಂಡು ಎದ್ದು ಹೇಳಿದಳು:

“ಇನ್ನೊಂದು ಬೆಳೆ ನೋಡ್ತೀನಿ ಅಕ್ಕ. ಅದ್ಕೂ ಜನ ಬರ್ನಿಲ್ಲ ಅಂದ್ರೆ ಟ್ರೇ, ಚಂದ್ರಿಕೆ ಎಲ್ಲಾ ಮಾರ್ಬುಟ್ಟು ಇವಳ್ನ ಗಾರ್ಮೆಂಟ್ಸ್‌ಗೆ ಕಳಿಸ್ತೀನಿ. ಬಸ್ ಬಾಗಿಲ್ಗೇ ಬತ್ತದೆ.”

ಹುಡುಗಿಗೆ ಗಾರ್ಮೆಂಟ್ಸ್ ಬೇಡವಾಗಿತ್ತು. ಮಗು ಬಿಟ್ಟು ಹೋಗಬೇಕು. ಅಲ್ಲಿ ಒಂದಕ್ಕೆ ಹೋಗಲೂ ಕೇಳಿ ಹೋಗಬೇಕು ಎಂದು ಅವಳ ಅಕ್ಕ ಹೇಳಿದ್ದಳಂತೆ. ಇಲ್ಲಿ ಹುಳ ಅವಳದು. ಒಂದೇ ಒಂದು ಬೆಳೆ ಉಳಿದಿತ್ತು ಅವಳಿಗೆ.

ಅದೇ ದಿನಗಳಲ್ಲಿ ನನ್ನ ಮಗಳ ಮಗಳು ರಜೆಗೆ ಬಂದಳು. ರಾಮನಗರದ ಕಾಲೇಜಿನಲ್ಲಿ ಸೈಕಾಲಜಿ ಓದುತ್ತಾಳೆ. ಮನುಷ್ಯರು ಯಾಕೆ ಹೀಗಾಡುತ್ತಾರೆ ಎಂದು ಓದುವುದಂತೆ. ಅದಕ್ಕೆ ಕಾಲೇಜು ಯಾಕೆ, ನಮ್ಮ ಹಾಲಿನ ಡೈರಿಯ ಮುಂದೆ ಕೂತರೆ ಸಾಲದೇ ಎಂದಿದ್ದೆ. ಅವಳ ಹತ್ತಿರ ಪ್ರಶ್ನೆ ಅಚ್ಚು ಹಾಕಿಸಿದ ಕಾಗದದ ಕಟ್ಟು ಇತ್ತು. ಮನೆಮನೆಗೆ ಹೋಗಿ ಟಿಕ್ ಹಾಕಿಸಿಕೊಂಡು ಬರಬೇಕು. ನಾನು ಜೊತೆಗೆ ಹೋದೆ, ಇಲ್ಲದಿದ್ದರೆ ಸಾಲದ ಕಂತಿನವಳು ಎಂದು ಬಾಗಿಲು ಹಾಕಿಕೊಳ್ಳುತ್ತಾರೆ.

ಬೇರೆಯವರ ಕಷ್ಟ ಕಂಡರೆ ನಿಮಗೂ ನೋವಾಗುತ್ತದೆಯೇ ಎನ್ನುವುದು ಒಂದು ಪ್ರಶ್ನೆ. ಯಾವಾಗಲೂ, ಕೆಲವು ಸಲ, ಇಲ್ಲ. ಇದರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಬೀದಿ ಪೂರ್ತಿ ಯಾವಾಗಲೂ ಎಂದು ಹಾಕಿತು. ನಾನೊಬ್ಬಳು ಕೆಲವು ಸಲ ಎಂದು ಹಾಕಿಸಿದೆ. ಮೂಲೆ ಮನೆಯಾಕೆ ಜಗಲಿಯ ಮೇಲೆ ಹುರುಳಿಕಾಯಿ ಬಿಡಿಸುತ್ತಿದ್ದಳು.

“ಬಸ್ಸಲ್ಲಿ ಗುರುತಿಲ್ಲದವರು ಅಳ್ತಾ ಕೂತಿದ್ರೆ ಏನ್ ಮಾಡ್ತೀರಿ?” ಎಂದು ಮೊಮ್ಮಗಳು ಕೇಳಿದಳು.

“ನಾನೂ ಪಕ್ಕದಲ್ಲಿ ಕೂತ್ಕಂಡು ಅತ್ಬುಡ್ತೀನಿ ಕಣವ್ವ. ಆಮೇಲೆ ಯಾಕೆ ಅಂತ ಕೇಳ್ತೀನಿ” ಎಂದಳು.

ಸುಳ್ಳಲ್ಲ. ಅವಳು ಹಾಗೇ. ಮೊಮ್ಮಗಳು ನಕ್ಕು ಮುಂದಿನದು ಓದಿದಳು. ನೀವು ನಂಬಿದ್ದು ತಪ್ಪೆಂದು ಯಾರಾದರೂ ತೋರಿಸಿಕೊಟ್ಟರೆ ನಿಮ್ಮ ಅಭಿಪ್ರಾಯ ಬದಲಿಸಿಕೊಳ್ಳುತ್ತೀರಾ?

“ತಪ್ಪು ಅಂತ ಕಣ್ಣಿಗೆ ಕಂಡ್ಮೇಲೂ ಹಿಡ್ಕೊಂಡು ಕೂತ್ಕಳಾಕೆ ನಾನೇನ್ ಕತ್ತೆನಾ? ಬದಲಾಯಿಸ್ಕತೀನಿ. ದೊಡ್ಡದಾಗಿ ಬರ್ಕೊ.”

ಮೊಮ್ಮಗಳು ಟಿಕ್ ಹಾಕಿದಳು. ನಾನು ಆ ಟಿಕ್ಕನ್ನೇ ನೋಡುತ್ತಾ ನಿಂತೆ. ಕಣ್ಣಿಗೆ ಕಂಡರೆ ಬದಲಾಯಿಸುತ್ತಾಳಂತೆ. ಹಾಗಾದರೆ ಕಾಣಿಸೋಣ ಎಂದು ಮನಸ್ಸಿಗೆ ಬಂತು. ಮನೆಗೆ ಬರುತ್ತಾ ಮೊಮ್ಮಗಳಿಗೆ ಎಲ್ಲ ಹೇಳಿದೆ. ಅವಳು ದಾರಿಯಲ್ಲೇ ನಿಂತುಬಿಟ್ಟಳು.

“ಅಜ್ಜಿ, ಇದು ಪ್ರಯೋಗ! ಮಾಡಿ. ಆದ್ರೆ ಕೈ ಒಂದೇ ಬದಲಾಗ್ಬೇಕು. ಮಿಕ್ಕಿದ್ದೆಲ್ಲ ಹಂಗೇ ಇರ್ಬೇಕು.”

“ಅದು ನಂಗೊತ್ತು, ನಡಿ. ಮೂಲೆ ಮನೆಯವಳೇ ಹೇಳ್ಕೊಟ್ಟವ್ಳೆ.”

ಮಳೆ ನಿಂತ ಮೇಲೆ ಮೂಲೆ ಮನೆಗೆ ಮತ್ತೆ ಚಾಕಿ ಬರುವುದಿತ್ತು. ಈ ಸಲ ನಾನೇ ಬರಬೇಕು ಎಂದು ಆ ಮನೆಯಾಕೆ ವಾರದ ಮುಂಚೆಯೇ ಹೇಳಿ ಹೋಗಿದ್ದಳು, ಮಂಡಿಗೆ ಹಚ್ಚಲು ಎಣ್ಣೆಯನ್ನೂ ಕೊಟ್ಟಿದ್ದಳು. ನಾನು ಸೊಪ್ಪು ಹಾಕುವಾಗ ಹುಳದ ಮನೆಯೊಳಗೆ ಬೇರೆ ಯಾರೂ ಇರಬಾರದು. ಇದು ನಾನೇ ಹಿಂದೆ ಮಾಡಿದ ಕಟ್ಟಳೆ. ಹತ್ತು ಜನ ಹೊಲದ ಕಾಲಿನಲ್ಲಿ ನುಗ್ಗಿ ರೋಗ ತುಳಿದು ತರುತ್ತಾರೆಂದು ಮಾಡಿದ್ದು, ಅವರು ಅದನ್ನೂ ಏನೋ ಮಂತ್ರ ಎಂದುಕೊಂಡಿದ್ದರು. ಅದು ಈಗ ಉಪಯೋಗಕ್ಕೆ ಬಂತು.

ಹುಡುಗಿಯನ್ನು ಒಪ್ಪಿಸುವುದೇ ಕಷ್ಟವಾಯಿತು.

“ಬ್ಯಾಡ ದೊಡ್ಡತ್ತೆ. ಹುಳ ಸತ್ರೆ?”

“ಸತ್ರೆ ನಾನು ಹಾಕಿದ್ದು ಅಂತೀನಿ. ಬದುಕಿದ್ರೆ ನೀನು ಹಾಕಿದ್ದು ಅಂತೀನಿ.”

“ಸುಳ್ಳಲ್ವಾ?”

“ಅರ್ಧ ಸುಳ್ಳು. ಬಾ.”

ಬೆಳಗ್ಗೆ ಅವಳು ಹಿಪ್ಪುನೇರಳೆ ತೋಟದ ಒಳಗಿಂದ ಬಂದು ಹುಳದ ಮನೆಯ ಹಿಂಬಾಗಿಲಿಗೆ ಸೊಪ್ಪಿನ ಹೊರೆ ಇಳಿಸಿದಳು. ಮುಂಬಾಗಿಲಲ್ಲಿ ಮೂಲೆ ಮನೆಯಾಕೆ ಊದುಕಡ್ಡಿ ಹಚ್ಚಿಕೊಂಡು ಕಾಯುತ್ತಿದ್ದಳು. ಬಾಗಿಲು ಹಾಕಿದ್ದೆ. ನಾನು ಒಂದು ಖಾಲಿ ಟ್ರೇ ಬೋರಲು ಹಾಕಿಕೊಂಡು ಅದರ ಮೇಲೆ ಕೂತೆ. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡೆ. ಹುಳವನ್ನಾಗಲಿ ಸೊಪ್ಪನ್ನಾಗಲಿ ಒಂದು ಬೆರಳಿನಲ್ಲೂ ಮುಟ್ಟಲಿಲ್ಲ. ಹುಡುಗಿ ಮೊದಲು ಒಂದೊಂದೇ ಎಲೆ ಎಣಿಸಿ ಇಟ್ಟಳು. ಆಮೇಲೆ ಕೆಲಸ ಕೈ ಹಿಡಿಯಿತು. ಮರಿಗಳ ಮೇಲೆ ಎಲೆ ಎಷ್ಟು ಹಗುರವಾಗಿ ಬಿತ್ತೆಂದರೆ ಶಬ್ದವೇ ಬರಲಿಲ್ಲ. ಮುಗಿಸಿ, ಬಂದ ದಾರಿಯಲ್ಲೇ ಹೋದಳು. ನಾನು ಬಾಗಿಲು ತೆಗೆದೆ. ಮೂಲೆ ಮನೆಯಾಕೆ ನನ್ನ ಕಾಲು ಮುಟ್ಟಿದಳು.

ಒಳ್ಳೆಯ ಬೆಳೆ ಬಂತು. ಬಿಸಿಲಿತ್ತು, ಸೊಪ್ಪು ಒಣಗಿತ್ತು, ಬರದೆ ಏನು ಮಾಡುತ್ತದೆ? ರಾಮನಗರದ ಮಾರ್ಕೆಟ್ಟಿನಲ್ಲಿ ಮೂಲೆ ಮನೆಯಾಕೆಯ ಗಂಡ ಒಯ್ದ ಗೂಡಿಗೆ ನೂಲು ತೆಗೆಯುವ ರೀಲರುಗಳು ಮುತ್ತಿಕೊಂಡರಂತೆ.

ಅಂದು ಸಂಜೆ ಡೈರಿಯ ಮುಂದೆ ಹಾಲು ಹಾಕಲು ಎಲ್ಲರೂ ಸಾಲಿನಲ್ಲಿ ನಿಂತಿದ್ದೆವು. ಹುಡುಗಿಯೂ ಕ್ಯಾನು ಹಿಡಿದು ಸಾಲಿನ ಕೊನೆಯಲ್ಲಿದ್ದಳು. ಮೂಲೆ ಮನೆಯಾಕೆ ನನ್ನ ಕೈ ಎತ್ತಿ ಎಲ್ಲರಿಗೂ ತೋರಿಸಿದಳು.

“ಈ ಕೈಗೆ ಬಂಗಾರದ ಬಳೆ ಹಾಕ್ಬೇಕು ಕಣ್ರೇ!”

“ಬಳೆ ಹಾಕಾದಾದ್ರೆ ಅವಳ್ ಕೈಗೆ ಹಾಕು” ಎಂದು ಹುಡುಗಿಯ ಕಡೆ ತೋರಿಸಿದೆ. “ನಿನ್ ಹುಳಕ್ಕೆ ಮೊದ್ಲ ಸೊಪ್ಪು ಹಾಕ್ದೋಳು ಅವಳು. ನಾನು ಕೈ ಕಟ್ಕೊಂಡು ಕೂತಿದ್ದೆ.”

ಹಾಲು ಅಳೆಯುತ್ತಿದ್ದವನೂ ಕೈ ನಿಲ್ಲಿಸಿದ. ಹಿಂಬಾಗಿಲಿನಿಂದ ಹಿಡಿದು ಎಲ್ಲ ಹೇಳಿದೆ. ಜೊತೆಗೆ, ನಾನು ಸೊಪ್ಪು ಹಾಕಿಯೂ ಬೆಳೆ ಹೋದ ಮನೆಗಳನ್ನು ಒಂದೊಂದಾಗಿ, ಅವರವರ ಮುಖ ನೋಡಿ ಎಣಿಸಿದೆ. ನಿನ್ನ ಮನೆಯದು ಹೋಯಿತಲ್ಲ, ನಿನ್ನದು ಎರಡು ಸಲ ಹೋಯಿತಲ್ಲ ಎಂದೆ. ಮೂಲೆ ಮನೆಯಾಕೆಯ ಮುಖ ಬಿಳುಚಿತು.

“ಅಂದ್ರೆ ನಂಗೆ ಹೇಳ್ದೆ ಅವಳ್ನ ನುಗ್ಗಿಸಿದ್ಯಾ? ಹುಳ ಹೋಗಿದ್ರೆ ಏನ್ ಮಾಡ್ತಿದ್ದೆ ಅಕ್ಕ?”

“ಹೋಗ್ನಿಲ್ವಲ್ಲೇ! ಅದನ್ನೇ ಹೇಳ್ತಿರಾದು!”

“ಅಜ್ಜಿ ಒಳ್ಗೇ ಕೂತಿತ್ತಲ್ಲಪ್ಪ” ಎಂದ ಸಾಲಿನಲ್ಲಿದ್ದ ಒಬ್ಬ ಗಂಡಸು. “ಕೂತ್ಕಂಡಿದ್ದಕ್ಕೇ ಇಷ್ಟು ಬೆಳೆ. ನಿಂತ್ಕಂಡಿದ್ರೆ ಡಬಲ್ ಆಗೋದು!”

ಎಲ್ಲರೂ ನಕ್ಕರು. ನನಗೂ ನಗು ಬರುವಂತಿತ್ತು, ತಡೆದುಕೊಂಡೆ. ಎರಡು ಸಲ ಬೆಳೆ ಹೋದವಳು, “ನಮ್ದು ಹೋಗಿದ್ದು ಔಷಧಿ ಗಾಳಿಗೆ ಕಣಕ್ಕ, ನಿನ್ ಮ್ಯಾಲೆ ಯಾಕೆ ಹಾಕ್ಕತೀಯ” ಎಂದಳು. ಇನ್ನೊಬ್ಬಳು ಅಕ್ಕನ ಕರುಳು ದೊಡ್ಡದು, ಆ ಹುಡುಗಿಯನ್ನು ಉಳಿಸಲು ಏನೋ ಹೇಳುತ್ತಿದ್ದಾಳೆ ಎಂದು ಪಕ್ಕದವಳ ಕಿವಿಯಲ್ಲಿ ಅಂದಿದ್ದು ನನಗೂ ಕೇಳಿಸಿತು. ಅಷ್ಟರಲ್ಲಿ ಮೂಲೆ ಮನೆಯಾಕೆಯ ಮುಖಕ್ಕೆ ಬಣ್ಣ ತಿರುಗಿ ಬಂದಿತ್ತು. ಏನೋ ಹೊಳೆದವಳ ಹಾಗೆ ನನ್ನ ಕೈಯನ್ನು ಮತ್ತೆ ಹಿಡಿದುಕೊಂಡಳು.

“ಅಲ್ಲಾ, ಅವಳ್ ಕೈ ಬಿದ್ರೂ ಬೆಳೆ ಬಂತು ಅಂದ್ರೆ ನಿನ್ ಕೈ ಅದೆಷ್ಟು ಗಟ್ಟಿ ಇರ್ಬೇಕು ಅಕ್ಕ!”

ಹೌದು ಹೌದು ಎಂದಿತು ಸಾಲು. ಹಾಲು ಅಳೆಯುವವನು ಮತ್ತೆ ಅಳೆಯತೊಡಗಿದ. ನಾನು ಕೈ ಬಿಡಿಸಿಕೊಂಡು ನನ್ನ ಕ್ಯಾನು ಮುಂದಕ್ಕೆ ಸರಿಸಿದೆ. ಹುಡುಗಿ ತನ್ನ ಸರದಿ ಬಂದಾಗ ಹಾಲು ಹಾಕಿ, ಚೀಟಿ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೋದಳು. ಮಾರನೇ ದಿನ ಮೂಲೆ ಮನೆಯವರ ಹುಳದ ಮನೆಯ ಹಿಂಬಾಗಿಲಿಗೆ ಬೀಗ ಬಿದ್ದಿತ್ತು.

ಮೊಮ್ಮಗಳಿಗೆ ಫೋನು ಮಾಡಿದೆ.

“ಅಜ್ಜಿ, ಇದನ್ನ ನಾವು ಕ್ಲಾಸಲ್ಲಿ ಓದಿದೀವಿ” ಎಂದಳು. “ಎದುರಿಗೆ ಸಾಕ್ಷಿ ಇಟ್ರೂ ಜನ ಕೆಲವು ಸಲ ಹಳೇದನ್ನೇ ಇನ್ನೂ ಗಟ್ಟಿಯಾಗಿ ಹಿಡ್ಕೋತಾರೆ. ತಮಗೆ ಬೇಕಾದ್ದನ್ನ ಮಾತ್ರ ನೆನಪಿಟ್ಕೋತಾರೆ.”

“ಗೊತ್ತಿದ್ದೂ ಯಾಕ್ ಬಾಯ್ಬಿಡ್ನಿಲ್ಲ?”

“ಎಲ್ರೂ ಬದಲಾಯಿಸ್ಕೋತೀವಿ ಅಂತ ಟಿಕ್ ಹಾಕಿದ್ರಲ್ಲ ಅಜ್ಜಿ...”

“ಹೋಗ್ಲಿ, ಇದಕ್ಕೆ ಔಷಧಿ ಏನ್ ಬರ್ದವ್ರೆ?”

“ವಾದ ಮಾಡ್ಬಾರ್ದು ಅಂತಾರೆ. ಅವರ ಮಾತು ಕೇಳಿಸ್ಕೋಬೇಕು, ನಿಧಾನವಾಗಿ, ಟೈಮ್ ಕೊಡ್ಬೇಕು ಅಂತಾರೆ.”

“ಟೈಮು ಹುಳಕ್ಕಿಲ್ಲ ಕಣವ್ವ” ಎಂದು ಫೋನು ಇಟ್ಟೆ.

ಮೊಮ್ಮಗಳ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಅವಳು ಓದಿದ್ದು ಸರಿಯೇ ಇರಬೇಕು. ಬೇರೆಯವರ ಕಷ್ಟಕ್ಕೆ ನೋವಾಗುತ್ತದೆಯೇ ಎಂದು ಕೇಳಿದ್ದಕ್ಕೆ ಬೀದಿಯವರು ಹೇಳಿದ ಉತ್ತರವೂ ಸರಿಯೇ. ಅವರಿಗೆ ನೋವಾಗುತ್ತದೆ. ನಾನು ಕಂಡಿದ್ದೇನೆ. ನೋವು ಒಂದು ಕಡೆ ಇರುತ್ತದೆ, ನಂಬಿಕೆ ಒಂದು ಕಡೆ ಇರುತ್ತದೆ. ಎರಡೂ ಒಂದೇ ಜಗಲಿಯ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತವೆ, ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ. ಮೂವತ್ತು ವರ್ಷ ನಾನು ಒಳ್ಳೆಯ ಕೈ ಆಗಿ ಮೆರೆದೆನಲ್ಲ, ಒಳ್ಳೆಯ ಕೈ ಒಂದಿದ್ದರೆ ಕೆಟ್ಟ ಕೈ ಒಂದು ಇರಲೇಬೇಕು ಎನ್ನುವುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹೊಳೆದಿತ್ತೋ ಏನೋ. ನನಗೇನೂ ತೊಂದರೆಯಿರಲಿಲ್ಲ, ಯೋಚಿಸಲಿಲ್ಲ.

ಹುಡುಗಿಯ ಕೊನೆಯ ಬೆಳೆಗೆ ಚಾಕಿ ಬಂತು. ಸುಮ್ಮನೆ ನೋಡಿಕೊಂಡು ಬರೋಣ ಎಂದು ಹೋದೆ. ವ್ಯಾನು ಹೋಗಿ ತುಂಬಾ ಹೊತ್ತಾಗಿತ್ತು. ಮರಿಗಳು ಟ್ರೇಯಲ್ಲಿ ತಲೆ ಎತ್ತಿ ಮೇವು ಹುಡುಕುತ್ತಿದ್ದವು. ಇವಳು ಸೊಪ್ಪಿನ ಹೊರೆಯನ್ನು ಕಾಲ ಬಳಿ ಇಟ್ಟುಕೊಂಡು ಕೊಟ್ಟಿಗೆಯ ಹೊರಗೆ ನಿಂತಿದ್ದಳು.

“ಯಾಕ್ ನಿಂತಿದ್ದೀಯೆ? ಹಸಿದವೆ.”

“ನೀವೇ ಹಾಕಿ ದೊಡ್ಡತ್ತೆ.”

“ನೀನೇ ಹಾಕ್ದೆಯಲ್ಲ ಮೂಲೆ ಮನೇದಕ್ಕೆ. ನಾನ್ ಮುಟ್ಟಿದ್ನಾ?”

“ಇಲ್ಲ.”

“ಬೆಳೆ ಬರ್ನಿಲ್ವಾ?”

“ಬಂತು.”

“ಮತ್ತೇನೆ?”

ಅವಳು ತನ್ನ ಅಂಗೈ ನೋಡಿಕೊಂಡಳು. ಉಗುರಿನ ಸುತ್ತ ಚರ್ಮ ಬಿಳಿಚಿ ಸುಲಿದಿತ್ತು. ದಿನಕ್ಕೆ ಎಷ್ಟು ಸಲ ಡೆಟಾಲು ಹಾಕಿ ತೊಳೆಯುತ್ತಿದ್ದಳೋ.

“ಎಲ್ಲಾ ಗೊತ್ತು ದೊಡ್ಡತ್ತೆ. ನಾನ್ ಕಣ್ಣಾರೆ ನೋಡಿವ್ನಿ. ಆದ್ರೂ ಮೊನ್ನೆ ಮಗೀಗೆ ಜ್ವರ ಬಂತು. ಔಷಧಿ ಕುಡಿಸಾಕೆ ನಂಗೆ ಧೈರ್ಯ ಬರ್ನಿಲ್ಲ, ಅತ್ತೆ ಕೈಗೆ ಕೊಟ್ಟೆ.” ಹೊರೆಯನ್ನು ನನ್ನ ಕಡೆ ಸರಿಸಿ ಹೇಳಿದಳು: “ನಾನ್ ಹಾಕಿ ಹುಳ ಸತ್ರೆ ನನ್ ಕೈ. ನೀವ್ ಹಾಕಿ ಸತ್ರೆ ಬಿಸಿಲು. ಹಾಕಿ.”

ಏನೆಂದು ಬೈಯಲಿ? ಅವಳು ಹೇಳಿದ್ದು ನಿಜ. ಮರಿಗಳು ಹಸಿದಿದ್ದವು. ನಾನು ಸೆರಗು ಸಿಕ್ಕಿಸಿಕೊಂಡು ಸೊಪ್ಪು ಹಾಕಿದೆ. ಅವಳಷ್ಟು ಹಗುರವಾಗಿ ನನಗೆ ಬರುವುದಿಲ್ಲ. ಮೂರು ನಾಲ್ಕು ಮರಿ ನನ್ನ ಬೆರಳಿಗೇ ಸಿಕ್ಕಿ ಜಜ್ಜಿದವು. ಹೊರಗೆ ಅವಳ ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು, “ನಮ್ ಅಕ್ಕನೇ ಬಂದು ಸೊಪ್ಪಾಕವ್ಳೆ!”

ಮೂರು ವಾರ ತುಂಬುವ ಮುಂಚೆ ಹುಳ ಹಣ್ಣಾಯಿತು. ನಾನು ಬೆಳಗ್ಗೆ ಎದ್ದು ಹೋಗುವ ಹೊತ್ತಿಗೆ ಕೊಟ್ಟಿಗೆಯ ಮುಂದೆ ಚಪ್ಪಲಿಗಳ ಸಾಲು ಬಿದ್ದಿತ್ತು. ಯಾರನ್ನೂ ಕರೆದಿರಲಿಲ್ಲ. ರೇಷನ್ನಿನವಳು, ಸಂಘದವಳು, ಹರಕೆಯವಳು, ಎಲ್ಲರೂ ಬಂದು ಕೂತಿದ್ದರು. ಮೂಲೆ ಮನೆಯಾಕೆ ತನ್ನ ಮನೆಯಿಂದ ನಾಲ್ಕು ಚಂದ್ರಿಕೆ ಹೊರಿಸಿಕೊಂಡು ಬಂದಿದ್ದಳು.

“ನಿನ್ ಕೈ ಬಿದ್ಮೇಲೆ ನಾವ್ ಬರ್ದೆ ಇರ್ತೀವಾ ಅಕ್ಕ?” ಎಂದಳು.

ಆರಿಸತೊಡಗಿದೆವು. ತಮಾಷೆ, ಬೈಗುಳ, ಸೊಸೆಯರ ದೂರು, ಎಲ್ಲ ಮೊದಲಿನ ಹಾಗೇ. ಅವಳ ಅತ್ತೆ ಒಳಗೂ ಹೊರಗೂ ಓಡಾಡುತ್ತಾ, ಟ್ರೇ ಮಾರುವ ಮಾತು ಯಾರು ಆಡಿದರೋ ಎನ್ನುವ ಹಾಗಿದ್ದಳು. ಮುಂದಿನ ಚಾಕಿಗೂ ನೀನೇ ಬರಬೇಕು ಅಕ್ಕ ಎಂದು ಎರಡು ಸಲ ಹೇಳಿದಳು. ಹೂಂ ಎಂದೆ. ಇಲ್ಲ ಎಂದರೆ ಹುಡುಗಿಯನ್ನು ಗಾರ್ಮೆಂಟ್ಸ್ ಬಸ್ಸಿಗೆ ಹತ್ತಿಸಿದ ಹಾಗೆ. ಹೂಂ ಎಂದರೆ ಅವಳ ಕೈ ಕೆಟ್ಟದ್ದೆಂದು ನಾನೇ ಸಹಿ ಹಾಕಿದ ಹಾಗೆ. ನನಗೆ ಬೇರೆ ದಾರಿ ಕಾಣಲಿಲ್ಲ. ಈಗಲೂ ಕಂಡಿಲ್ಲ. ತಿಂಗಳಿಗೊಂದು ಸಲ ಕುಂಟಿಕೊಂಡು ಹೋಗುತ್ತೇನೆ. ನಾನು ಸತ್ತ ಮೇಲೆ ಏನು ಎಂದು ಅವಳೂ ಕೇಳಿಲ್ಲ, ನಾನೂ ಹೇಳಿಲ್ಲ.

ಆ ದಿನ ಹುಡುಗಿ ಕಾಫಿ ತಂದು ಹೊಸ್ತಿಲ ಹೊರಗೆ ಇಟ್ಟಳು. ಒಳಗೆ ಬರಬೇಡ ಎಂದು ಒಬ್ಬರೂ ಹೇಳಲಿಲ್ಲ. ಮೂಲೆ ಮನೆಯಾಕೆ, “ಬಾರವ್ವ, ನೀನೂ ಕೂತ್ಕ” ಎಂದೇ ಅಂದಳು. ಅವಳು ಬರಲಿಲ್ಲ. ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಮುಖದಲ್ಲಿ ಸಂತೋಷವಿತ್ತು. ಅದನ್ನು ಸುಳ್ಳು ಎನ್ನಲಾರೆ.

“ದೊಡ್ಡತ್ತೆ, ನಿಮ್ ಎಡಕ್ಕೆ, ಆ ಮೂಲೇಲಿ ಎರಡು ಹಣ್ಣಾಗವೆ” ಎಂದಳು.

ನೋಡಿದೆ. ನನಗೆ ಏನೂ ಕಾಣಲಿಲ್ಲ.

“ಬಂದು ಎತ್ಕೊ” ಎಂದೆ.

ಅವಳು ಗಲ್ಲದಿಂದ ತೋರಿಸಿದಳು. “ಅಲ್ಲೇ, ಆ ದಂಟಿನ ಕೆಳ್ಗೆ.”

ನಾನು ಮಂಡಿ ಊರಿ ಬಗ್ಗಿ ದಂಟು ಎತ್ತಿದೆ. ಅವಳು ಹೇಳಿದ ಜಾಗದಲ್ಲೇ ಎರಡು ಹುಳ ತಲೆ ಎತ್ತಿ ಆಡಿಸುತ್ತಿದ್ದವು. ಆರಿಸಿ ಚಂದ್ರಿಕೆಗೆ ಬಿಟ್ಟೆ.